ಗೋವಾದಲ್ಲಿ ಬೆಡ್ ಅಂಡ್ ಬ್ರೇಕ್‌ಫಾಸ್ಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಫೋಂಡಾ ಹತ್ತಿರದ ನಮ್ಮ ಮನೆಯಲ್ಲಿ ಮೂರು ರೂಮುಗಳನ್ನು ಅತಿಥಿಗಳಿಗೆ ಕೊಡುತ್ತೇವೆ, ಬೆಳಗ್ಗೆ ತಿಂಡಿ ಹಾಕುತ್ತೇವೆ. ವಾಸ್ಕೊ, ಮಡಗಾಂವ್, ಮಾಪ್ಸಾದ ಕನ್ನಡದವರು ಸಿಕ್ಕಾಗ, ಹುಬ್ಬಳ್ಳಿ, ಬೆಳಗಾವಿ, ಕಾರವಾರದ ನೆಂಟರು ಫೋನ್ ಮಾಡಿದಾಗ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಅವರು ಕೇಳಿದ ಮಾತಿನಲ್ಲೇ ಬರೆದಿದ್ದೇನೆ. ಕೊನೆಯ ಭಾಗ ಈಗಾಗಲೇ ನಡೆಸುತ್ತಿರುವವರಿಗೆ.

## ಶುರು ಮಾಡೋ ಮುಂಚೆ

ಲಾಡ್ಜು, ಹೋಮ್‌ಸ್ಟೇ, ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಎಲ್ಲ ಒಂದೇ ಅಲ್ವಾ?

ಅಲ್ಲ. ಲಾಡ್ಜಿನಲ್ಲಿ ಮಾಲೀಕರ ಮುಖ ಯಾರೂ ನೋಡಿರುವುದಿಲ್ಲ. ಬಿ ಅಂಡ್ ಬಿಯಲ್ಲಿ ಮಾಲೀಕರು ಅದೇ ಮನೆಯಲ್ಲಿ ಇರುತ್ತಾರೆ. ಬಾಗಿಲು ತೆಗೆಯುವವರೂ ಅವರೇ, ತಿಂಡಿ ಬಡಿಸುವವರೂ ಅವರೇ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಇನ್‌ಕ್ರೆಡಿಬಲ್ ಇಂಡಿಯಾ ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಯೋಜನೆಯ ಲೆಕ್ಕವೂ ಇದೇ: 1ರಿಂದ 6 ರೂಮು, ಹೆಚ್ಚೆಂದರೆ 12 ಹಾಸಿಗೆ, ಮನೆಯವರು ಅಲ್ಲೇ ವಾಸವಿರಬೇಕು. ಸಿಲ್ವರ್, ಗೋಲ್ಡ್ ಎಂದು ಎರಡು ದರ್ಜೆ ಇವೆ. ಗೋವಾ ಸರ್ಕಾರವೂ 2023ರಲ್ಲಿ ಹೋಮ್‌ಸ್ಟೇ ಮತ್ತು ಬಿ ಅಂಡ್ ಬಿಗೆ ಪ್ರತ್ಯೇಕ ನೀತಿ ತಂದಿತು. ಬೀಚ್ ಬಿಟ್ಟು ಒಳನಾಡಿಗೂ ಜನ ಬರಲಿ ಎನ್ನುವುದು ಅದರ ಉದ್ದೇಶ.

ನೀವು ಬೆಂಗಳೂರಿನಲ್ಲಿದ್ದು ಗೋವಾದ ಫ್ಲ್ಯಾಟಿನ ಬೀಗದ ಕೈಯನ್ನು ವಾಚ್‌ಮನ್ ಹತ್ತಿರ ಕೊಟ್ಟು ನಡೆಸುವುದು ಬೇರೆ ವ್ಯಾಪಾರ. ತಪ್ಪಲ್ಲ, ಆದರೆ ಅದರ ಲೆಕ್ಕವೇ ಬೇರೆ. ಕೆಳಗೆ ಬರೆದದ್ದೆಲ್ಲ ಆ ಮನೆಯಲ್ಲೇ ಮಲಗಿ ಏಳುವವರಿಗೆ.

ಅಕ್ಕ, ನಮ್ಮ ಮನೆ ಬೀಚ್ ಹತ್ತಿರ ಇಲ್ಲ. ಇಲ್ಲಿಗೆ ಯಾರು ಬರ್ತಾರೆ?

ಬೀಚಿಗೆಂದು ಬರುವವರು ಬರುವುದಿಲ್ಲ, ಅಷ್ಟೇ. ಗೋವಾಕ್ಕೆ ಬೇರೆ ಕೆಲಸದ ಮೇಲೆ ಬರುವವರು ಬಹಳ ಜನ ಇದ್ದಾರೆ. ಹೋಟೆಲಿನವರು ಅವರ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ.

ನಮ್ಮ ಕಡೆ ನೋಡಿ. ಮಂಗೇಶಿ, ಕವಳೆಯ ಶಾಂತಾದುರ್ಗಾ, ಮಾರ್ದೋಳದ ಮಹಾಲಸಾ, ರಾಮನಾಥಿ, ನಾಗೇಶಿ ಎಲ್ಲ ಫೋಂಡಾ ಸುತ್ತಮುತ್ತಲೇ ಇವೆ. ಪೋರ್ಚುಗೀಸರ ಕಾಟಕ್ಕೆ 16ನೇ ಶತಮಾನದಲ್ಲಿ ಹಲವು ದೇವರನ್ನು ಈ ಕಡೆಗೆ ತಂದರು. ಆಗಲೇ ಕರಾವಳಿಗುಂಟ ದಕ್ಷಿಣಕ್ಕೆ ಹೋದ ಸಾರಸ್ವತ ಮನೆತನಗಳ ಕುಲದೇವರು ಇವು. ಕುಮಟಾ, ಹೊನ್ನಾವರ, ಕುಂದಾಪುರ, ಮಂಗಳೂರಿನಿಂದ ಮದುವೆಯಾದ ಹೊಸ ಜೋಡಿ, ಮುಂಜಿಯಾದ ಹುಡುಗ, ಅಜ್ಜ ಅಜ್ಜಿ ಎಲ್ಲ ಒಂದೇ ಗಾಡಿಯಲ್ಲಿ ಬರುತ್ತಾರೆ. ದೇವಸ್ಥಾನದ ಅಗ್ರಶಾಲೆಯಲ್ಲಿ ರೂಮು ಸಿಗದಿದ್ದರೆ ಮನೆ ಹುಡುಕುತ್ತಾರೆ. ಅವರಿಗೆ ಬೇಕಾದದ್ದು ಈಜುಕೊಳ ಅಲ್ಲ. ಬೆಳಗ್ಗೆ ಐದೂವರೆಗೆ ಬಿಸಿನೀರು, ಪೂಜೆಗೆ ಹೊರಡುವ ಮುಂಚೆ ಒಂದು ಲೋಟ ಕಾಫಿ, ಮಂಡಿನೋವಿನ ಅಜ್ಜಿಗೆ ಕಮೋಡು, ಮೆಟ್ಟಿಲಿಲ್ಲದ ರೂಮು.

ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿಗೆ ಕಾರವಾರ, ಅಂಕೋಲಾ ಕಡೆಯಿಂದ ರೋಗಿಗಳು ಬರುತ್ತಾರೆ. ಜೊತೆಗೆ ಬಂದವರಿಗೆ ನಾಲ್ಕೈದು ರಾತ್ರಿ ತಲೆ ಇಡಲು ಜಾಗ ಬೇಕು. ಪಣಜಿಯಲ್ಲಿ ಮನೆ ಇದ್ದರೆ ನವೆಂಬರಿನ ಚಿತ್ರೋತ್ಸವಕ್ಕೆ ಬರುವವರು ಸಿಗುತ್ತಾರೆ. ಕುಳೆ ಕಡೆ ಇದ್ದರೆ ದೂಧಸಾಗರದ ಜೀಪಿಗೆ ಬೆಳಗ್ಗೆ ಬೇಗ ಹೊರಡುವವರು. ತಾಂಬಡಿ ಸುರ್ಲಾದ ಕದಂಬರ ಕಾಲದ ಮಹಾದೇವ ಗುಡಿ ನೋಡಲು ಬರುವವರಲ್ಲಿ ಕನ್ನಡದವರೇ ಜಾಸ್ತಿ ಇದ್ದಂತೆ ನನಗೆ ಕಾಣುತ್ತದೆ.

ನಿಮ್ಮ ಮನೆಯಿಂದ ಹತ್ತು ಕಿಲೋಮೀಟರಿನೊಳಗೆ ಜನ ಯಾತಕ್ಕೆ ಬರುತ್ತಾರೆ ಎಂದು ಮೊದಲು ಬರೆದುಕೊಳ್ಳಿ. ರೂಮಿನ ಬಣ್ಣ, ತಿಂಡಿ, ರೇಟು ಆಮೇಲೆ.

ಬಾಡಿಗೆ ಮನೆ ಹಿಡಿದು ನಡೆಸಿದರೆ ಗಿಟ್ಟುತ್ತಾ?

ಒಂದು ಲೆಕ್ಕ ಹಾಕಿ ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ. ನಿಮ್ಮ ಊರಿನ ಅಂಕಿ ನೀವು ತುಂಬಿಕೊಳ್ಳಿ.

ಮೂರು ರೂಮು ಎಂದರೆ ವರ್ಷಕ್ಕೆ 1,095 ರಾತ್ರಿ. ನೂರಕ್ಕೆ ನಲವತ್ತು ತುಂಬಿದರೆ 438. ತಿಂಡಿ ಸೇರಿ ಸರಾಸರಿ 2,200 ರೂಪಾಯಿ ಸಿಕ್ಕರೆ ಒಟ್ಟು 9,63,600. ಇದರಲ್ಲಿ ನೂರಕ್ಕೆ ಅರುವತ್ತು ಪಾಲು ಬುಕಿಂಗ್ ಆ್ಯಪ್ ಮೂಲಕ ಬಂದು, ಅದಕ್ಕೆ ಶೇ 15 ಕಮಿಷನ್ ಹೋದರೆ ಸುಮಾರು 87,000 ಕಡಿತ. ಇಬ್ಬರ ತಿಂಡಿಗೆ 240ರಂತೆ 1,05,000. ಸಹಾಯಕ್ಕೆ ಬರುವವರಿಗೆ ತಿಂಗಳಿಗೆ 12,000, ವರ್ಷಕ್ಕೆ 1,44,000. ಕರೆಂಟು 96,000. ಬಟ್ಟೆ ಒಗೆಯುವುದು, ಸೋಪು, ಟವೆಲು 50,000. ಸುಣ್ಣಬಣ್ಣ, ಹೆಂಚು, ಪ್ಲಂಬರ್ 80,000. ಇಂಟರ್ನೆಟ್ ಮತ್ತು ಚಿಲ್ಲರೆ 24,000. ಎಲ್ಲ ಕಳೆದು ಉಳಿಯುವುದು 3,77,600. ತಿಂಗಳಿಗೆ 31,000ದ ಆಸುಪಾಸು.

ಸ್ವಂತ ಮನೆ ಇದ್ದವರಿಗೆ ಇದು ಒಳ್ಳೆಯ ದುಡ್ಡು. ಇದೇ ಮನೆಗೆ ತಿಂಗಳಿಗೆ 40,000 ಬಾಡಿಗೆ ಕೊಡಬೇಕಿದ್ದರೆ ವರ್ಷದ ಕೊನೆಗೆ ಲಕ್ಷ ರೂಪಾಯಿ ಕೈಯಿಂದ ಹೋಗಿರುತ್ತದೆ. ಮನೆ ಸಾಲದ ಕಂತಿಗೂ ಇದೇ ಮಾತು. ಬಿ ಅಂಡ್ ಬಿ ಆದಾಯದಿಂದಲೇ ಕಂತು ಕಟ್ಟುತ್ತೇನೆ ಎನ್ನುವವರಿಗೆ ನಾನು ಬೇಡ ಎಂದೇ ಹೇಳುತ್ತೇನೆ. ನಿಮ್ಮ ಸ್ವಂತ ದುಡಿಮೆಗೆ ಈ ಲೆಕ್ಕದಲ್ಲಿ ಸಂಬಳ ಹಾಕಿಲ್ಲ ಎನ್ನುವುದನ್ನೂ ಗಮನಿಸಿ.

ಮೊದಲು ಯಾತಕ್ಕೆ ದುಡ್ಡು ಹಾಕಬೇಕು?

ಹಾಸಿಗೆ, ಬಿಸಿನೀರು, ನೀರಿನ ಟ್ಯಾಂಕು, ಇನ್ವರ್ಟರ್. ಗೋಡೆಯ ಚಿತ್ರ, ದೀಪದ ಸರ ಎಲ್ಲ ಆಮೇಲೆ ತರಬಹುದು. ಏಪ್ರಿಲ್, ಮೇನಲ್ಲಿ ಬಾವಿ ತಳ ಕಾಣುವ ಊರಾದರೆ ಟ್ಯಾಂಕರ್ ಬರಲು ದಾರಿ ಇದೆಯೇ ನೋಡಿ. ಬಾತ್‌ರೂಮಿನಲ್ಲಿ ಬಕೆಟ್, ಮಗ್ ಇರಲೇಬೇಕು. ಶವರ್ ಇದೆಯಲ್ಲ ಎಂದು ತೆಗೆದುಬಿಟ್ಟರೆ ಮೊದಲ ದಿನವೇ ಕೇಳುತ್ತಾರೆ. ಅಂಗಳದಲ್ಲಿ ಒಂದು ನಲ್ಲಿ ಹಾಕಿಸಿ. ಬೀಚಿಗೆ ಹೋಗಿ ಬಂದವರು ಕಾಲು ತೊಳೆದು ಒಳಗೆ ಬಂದರೆ ನಿಮ್ಮ ಗುಡಿಸುವ ಕೆಲಸ ಅರ್ಧ ಕಡಿಮೆ.

## ಕಾಗದಪತ್ರ

ಸುಮ್ನೆ ಆನ್‌ಲೈನಿನಲ್ಲಿ ಹಾಕಿಬಿಟ್ಟರೆ ಆಗಲ್ವಾ? ಎಲ್ಲರೂ ಹಾಗೇ ಮಾಡ್ತಾರಲ್ಲ.

ಆಗಲ್ಲ. 1982ರ ಗೋವಾ ಪ್ರವಾಸಿ ವ್ಯಾಪಾರ ನೋಂದಣಿ ಕಾಯ್ದೆಯ ಪ್ರಕಾರ ದುಡ್ಡು ತೆಗೆದುಕೊಂಡು ಪ್ರವಾಸಿಗಳನ್ನು ಇರಿಸಿಕೊಳ್ಳುವ ಯಾರೇ ಆದರೂ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಬೇಕು. ಒಂದು ರೂಮು ಇದ್ದರೂ ಅಷ್ಟೇ. ಅರ್ಜಿಯನ್ನು ಗೋವಾ ಆನ್‌ಲೈನ್ ಪೋರ್ಟಲಿನಲ್ಲಿ ಹಾಕಬಹುದು. ಮನೆ ನಿಮ್ಮದು ಎನ್ನುವ ಕಾಗದ, ಮನೆ ತೆರಿಗೆ ರಸೀದಿ, ರೂಮುಗಳ ನಕ್ಷೆ, ಪಂಚಾಯಿತಿ ಅಥವಾ ಪುರಸಭೆಯ ಎನ್‌ಒಸಿ (ಆಕ್ಷೇಪಣೆ ಇಲ್ಲ ಎನ್ನುವ ಪತ್ರ), ಇಷ್ಟನ್ನು ಮೊದಲೇ ಒಂದು ಫೈಲಿನಲ್ಲಿ ಜೋಡಿಸಿಟ್ಟುಕೊಳ್ಳಿ. ಫ್ಲ್ಯಾಟ್ ಆದರೆ ಸೊಸೈಟಿಯ ಒಪ್ಪಿಗೆ ಪತ್ರವನ್ನೂ ತೆಗೆದುಕೊಳ್ಳಿ. ಅಡ್ಡಿ ಬರುವುದು ಹೆಚ್ಚಾಗಿ ಅಲ್ಲೇ.

ಎನ್‌ಒಸಿಗೆ ಹೋಗುವ ಮುಂಚೆ ನಿಮ್ಮ ವಾರ್ಡಿನ ಪಂಚರ, ಅಂದರೆ ಪಂಚಾಯಿತಿ ಸದಸ್ಯರ ಹತ್ತಿರ ಹೋಗಿ ಮಾತಾಡಿ ಬನ್ನಿ. ರಾತ್ರಿ ಗಲಾಟೆ ಇರುತ್ತಾ, ಗಾಡಿ ಎಲ್ಲಿ ನಿಲ್ಲಿಸ್ತೀರಿ, ಕಸ ಎಲ್ಲಿ ಹಾಕ್ತೀರಿ ಎಂದು ಕೇಳುತ್ತಾರೆ. ಮೂರಕ್ಕೂ ಉತ್ತರ ತಯಾರಿರಲಿ.

ಹಳೇ ಪೋರ್ಚುಗೀಸ್ ಮನೆ ಅಗ್ಗಕ್ಕೆ ಸಿಗ್ತಾ ಇದೆ. ತಗೊಂಡುಬಿಡಲಾ?

ಅಗ್ಗ ಯಾಕೆ ಎಂದು ಮೊದಲು ಕೇಳಿ. ನೋಡಲು ಚೆಂದವೇ: ಕೆಂಪುಕಲ್ಲಿನ ದಪ್ಪ ಗೋಡೆ, ಗಾಜಿನ ಬದಲು ಚಿಪ್ಪು ಕೂಡಿಸಿದ ಕಿಟಕಿ, ಮುಂದೆ ಕಲ್ಲಿನ ಆಸನವಿರುವ ಬಲ್ಕಾಂವ್ ಎನ್ನುವ ಜಗಲಿ. ಕಷ್ಟ ಇರುವುದು ಕಾಗದದಲ್ಲಿ.

ಗೋವಾದ ಸಿವಿಲ್ ಕೋಡ್ ನಮ್ಮ ಕಡೆಯ ಹಾಗಲ್ಲ. ಮದುವೆಗೆ ಮುಂಚೆ ಬೇರೆ ಕರಾರು ಬರೆದಿಲ್ಲದಿದ್ದರೆ ಗಂಡ ಹೆಂಡತಿಯ ಆಸ್ತಿ ಇಬ್ಬರಿಗೂ ಸೇರಿದ್ದು. ಮಾರುವಾಗ ಇಬ್ಬರ ಸಹಿಯೂ ಬೇಕು. ಹೆಣ್ಣು ಗಂಡು ಎನ್ನದೆ ಮಕ್ಕಳಿಗೆಲ್ಲ ಪಾಲು ಇದೆ. ಮೂರು ತಲೆಮಾರಿನ ಮನೆ ಎಂದರೆ ಪಾಲುದಾರರು ಲಿಸ್ಬನ್, ಲಂಡನ್, ಮುಂಬೈಗಳಲ್ಲಿ ಹರಡಿಕೊಂಡಿರುತ್ತಾರೆ. ಅವರವರ ಗಂಡ ಹೆಂಡತಿಯರ ಸಹಿಯೂ ಬೇಕು. ಈ ಪಾಲು ತೀರ್ಮಾನವಾಗುವುದು ಇನ್ವೆಂಟರಿ ಪ್ರೊಸೀಡಿಂಗ್ಸ್ ಎನ್ನುವ ಕೋರ್ಟಿನ ವಿಚಾರಣೆಯಲ್ಲಿ. ಅದು ಮುಗಿದಿದೆಯೇ ಎಂದು ನೋಡದೆ ಮುಂಗಡ ಕೊಡಬೇಡಿ.

ಆಮೇಲೆ ಫಾರ್ಮ್ ಒನ್ ಅಂಡ್ ಫೋರ್ಟೀನ್ ತೆಗೆಸಿ. ಜಮೀನಿನಲ್ಲಿ ಯಾರ ಹೆಸರಿದೆ, ಗೇಣಿದಾರರ ಅಂಕಣದಲ್ಲಿ ಯಾರಿದ್ದಾರೆ ಎಂದು ಅದರಲ್ಲಿ ಗೊತ್ತಾಗುತ್ತದೆ. ಹಿತ್ತಲಿನಲ್ಲಿ ಒಂದು ಚಿಕ್ಕ ಮನೆ ಇದ್ದು ಅಲ್ಲಿ ಯಾರೋ ಹಿಂದಿನಿಂದ ವಾಸವಿದ್ದರೆ ಅವರು ಮುಂಡ್ಕಾರರಿರಬಹುದು, ಅಂದರೆ ಜಮೀನಿನ ಮಾಲೀಕರ ಒಪ್ಪಿಗೆಯಿಂದ ಅಲ್ಲಿ ಮನೆ ಮಾಡಿಕೊಂಡವರು. 1975ರ ಕಾಯ್ದೆಯ ಪ್ರಕಾರ ಅವರನ್ನು ಎಬ್ಬಿಸುವ ಹಾಗಿಲ್ಲ, ಎಬ್ಬಿಸಲೂ ಬಾರದು. ಹಳೇ ದಾಖಲೆ ನಕಲಿ ಮಾಡಿ ಜಮೀನು ಹೊಡೆದ ಪ್ರಕರಣಗಳು ಎಷ್ಟು ಬಂದವೆಂದರೆ ಸರ್ಕಾರ 2022ರಲ್ಲಿ ಅದಕ್ಕೆಂದೇ ವಿಶೇಷ ತನಿಖಾ ತಂಡ ಮಾಡಬೇಕಾಯಿತು. ಆದ್ದರಿಂದ ಗೋವಾದಲ್ಲೇ ವಕೀಲಿ ಮಾಡುವ, ಪೋರ್ಚುಗೀಸ್ ಕಾಲದ ದಾಖಲೆ ಓದಿಸಿ ನೋಡಬಲ್ಲ ವಕೀಲರೇ ಬೇಕು. ಊರಿನಿಂದ ಪರಿಚಯದ ವಕೀಲರನ್ನು ಕರೆತಂದರೆ ಉಪಯೋಗವಿಲ್ಲ.

ಜೊತೆಗೆ ಭತ್ತದ ಗದ್ದೆಯೂ ಬರುತ್ತದೆ ಎಂದು ಯಾರಾದರೂ ಆಸೆ ತೋರಿಸಿದರೆ ಹುಷಾರು. ಕೃಷಿ ಭೂಮಿ ವರ್ಗಾವಣೆಗೆ 2023ರಿಂದ ಗೋವಾದಲ್ಲಿ ನಿರ್ಬಂಧದ ಕಾಯ್ದೆ ಇದೆ. ಕೃಷಿಕರಲ್ಲದವರು ಸುಮ್ನೆ ಕೊಳ್ಳಲಾಗುವುದಿಲ್ಲ.

ದಂಡೆ ಹತ್ತಿರ ಜಾಗ ಇದೆ, ಎರಡು ರೂಮು ಎಬ್ಬಿಸಬಹುದಾ?

ಕರಾವಳಿ ನಿಯಂತ್ರಣ ವಲಯ, ಅಂದರೆ ಸಿಆರ್‌ಝಡ್ ನಿಯಮ ಅಡ್ಡ ಬರುತ್ತದೆ. 2011ರ ಅಧಿಸೂಚನೆಯ ಪ್ರಕಾರ ಹಳ್ಳಿಗಾಡಿನ ದಂಡೆಯಲ್ಲಿ ಭರತದ ಗೆರೆಯಿಂದ 200 ಮೀಟರಿನೊಳಗೆ ಹೊಸ ಕಟ್ಟಡ ಕಟ್ಟುವ ಹಾಗಿಲ್ಲ. ನದಿ, ಖಾಡಿಯ ದಡಕ್ಕೂ ನಿಯಮ ಇದೆ. ಗೋವಾದಲ್ಲಿ ನದಿ ಇಲ್ಲದ ಊರು ಕಡಿಮೆ, ಅದಕ್ಕೇ ಇದನ್ನು ಹೇಳಿದೆ. ಕಟ್ಟಿದ ಮೇಲೆ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರದ ನೋಟಿಸು ಬಂದರೆ ಪಂಚಾಯಿತಿ ಲೈಸೆನ್ಸು ತೋರಿಸಿ ತಪ್ಪಿಸಿಕೊಳ್ಳಲಾಗುವುದಿಲ್ಲ. ಇರುವ ಮನೆಯನ್ನೇ ಸರಿ ಮಾಡಿಕೊಳ್ಳುವುದು ಜಾಣತನ, ಅದಕ್ಕೂ ರಿಪೇರಿಗೆ ಅನುಮತಿ ತೆಗೆದುಕೊಂಡು.

ಫಾರಿನ್‌ನವರು ಬಂದರೆ ಪೊಲೀಸ್ ಸ್ಟೇಷನ್‌ಗೆ ಹೋಗಬೇಕಂತೆ, ಹೌದಾ?

ಸ್ಟೇಷನ್‌ಗೆ ಓಡುವ ಕಾಲ ಹೋಯಿತು. ಆದರೆ ವಿದೇಶಿಯರು ಬಂದು 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಕಚೇರಿಯಾದ ಎಫ್‌ಆರ್‌ಆರ್‌ಒ ವೆಬ್‌ಸೈಟಿನಲ್ಲಿ ಅವರ ವಿವರ ತುಂಬಬೇಕು. ಎಲ್ಲರೂ ಇದನ್ನು ಫಾರ್ಮ್ ಸಿ ಎಂದೇ ಕರೆಯುತ್ತಾರೆ. ಪಾಸ್‌ಪೋರ್ಟ್, ವೀಸಾ, ಫೋಟೊ ಬೇಕು. ಮುಖ್ಯ ಸಂಗತಿ ಏನೆಂದರೆ, ನಿಮ್ಮ ಮನೆಯ ಹೆಸರಿನಲ್ಲಿ ಲಾಗಿನ್ ಮೊದಲೇ ಇರಬೇಕು. ಅತಿಥಿ ಬಾಗಿಲಲ್ಲಿ ನಿಂತಾಗ ಅರ್ಜಿ ಹಾಕಿದರೆ ಅವತ್ತೇ ಸಿಗುವುದಿಲ್ಲ. ಸ್ನೇಹಿತರು, ದುಡ್ಡು ತಗೊಂಡಿಲ್ಲ ಎಂದರೂ ಬಿಡುವುದಿಲ್ಲ.

ಭಾರತೀಯ ಅತಿಥಿಗಳ ಗುರುತಿನ ಚೀಟಿಯನ್ನೂ ನೋಡಿ ರಿಜಿಸ್ಟರಿನಲ್ಲಿ ಬರೆದುಕೊಳ್ಳಿ. ಆಧಾರ್ ಕೊಟ್ಟರೆ ಮೊದಲ ಎಂಟು ಅಂಕಿ ಮುಚ್ಚಿದ ಪ್ರತಿ ಸಾಕು. ಇಡೀ ಕುಟುಂಬದ ಆಧಾರ್ ಫೋಟೊಗಳನ್ನು ವಾಟ್ಸ್ಆ್ಯಪಿನಲ್ಲಿ ವರ್ಷಗಟ್ಟಲೆ ಇಟ್ಟುಕೊಳ್ಳುವುದು ಒಳ್ಳೆಯದಲ್ಲ.

ಮೂರು ರೂಮಿಗೂ ಜಿಎಸ್‌ಟಿ ಕಟ್ಟಬೇಕಾ?

ಒಟ್ಟು ವಹಿವಾಟು ವರ್ಷಕ್ಕೆ 20 ಲಕ್ಷ ದಾಟದಿದ್ದರೆ ಸಾಮಾನ್ಯವಾಗಿ ನೋಂದಣಿ ಬೇಕಾಗುವುದಿಲ್ಲ. ಒಟ್ಟು ಎಂದರೆ ಅದೇ ಪ್ಯಾನ್‌ನಲ್ಲಿ ನಡೆಯುವ ಎಲ್ಲ ವ್ಯಾಪಾರ. ವಾಸ್ಕೊದಲ್ಲಿ ಕಿರಾಣಿ ಅಂಗಡಿಯೂ ನಿಮ್ಮ ಹೆಸರಿನಲ್ಲೇ ಇದ್ದರೆ ಅದನ್ನೂ ಕೂಡಿಸಿ.

ಹಾಗಾದರೆ ಆ್ಯಪಿನ ಬಿಲ್ಲಿನಲ್ಲಿ ಜಿಎಸ್‌ಟಿ ಯಾಕೆ ಕಾಣುತ್ತದೆ ಎಂದು ಕೇಳುತ್ತಾರೆ. ನೋಂದಣಿ ಇಲ್ಲದ ಚಿಕ್ಕವರ ರೂಮಿಗೆ ಆ್ಯಪಿನವರೇ ತೆರಿಗೆ ವಸೂಲಿ ಮಾಡಿ ಕಟ್ಟಬೇಕೆಂದು ನಿಯಮವಿದೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಶೇ 5, ಅದಕ್ಕಿಂತ ಮೇಲೆ ಶೇ 18. ಆದಾಯ ತೆರಿಗೆ ಬೇರೆ. ಲೆಕ್ಕಪುಸ್ತಕ ಬೇಡ ಎನ್ನುವ ಚಿಕ್ಕ ವ್ಯಾಪಾರಿಗಳಿಗೆ ಅಂದಾಜು ಲಾಭ ತೋರಿಸುವ ಪದ್ಧತಿ ಇದೆ: ನಗದಿಗೆ ಶೇ 8, ಬ್ಯಾಂಕ್ ಮತ್ತು ಯುಪಿಐ ಮೂಲಕ ಬಂದದ್ದಕ್ಕೆ ಶೇ 6. ಗೇಟಿನ ಹತ್ತಿರ ಕ್ಯೂಆರ್ ಕೋಡ್ ಅಂಟಿಸಲು ಇದೂ ಒಂದು ಕಾರಣ.

ತಿಂಡಿಗೂ ಲೈಸೆನ್ಸಾ? ಒಂದೆರಡು ಬಿಯರ್ ಇಟ್ಟರೆ ಏನಾಗುತ್ತೆ?

ತಿಂಡಿಗೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಚಿಕ್ಕ ವಹಿವಾಟಿಗೆ ವರ್ಷಕ್ಕೆ 100 ರೂಪಾಯಿ. ಮಾಡಿಸಿಬಿಡಿ. ಬಿಯರ್ ಮಾರಲು ಅಬಕಾರಿ ಲೈಸೆನ್ಸ್ ಬೇಕು. ಗೋವಾದಲ್ಲಿ ಹೆಂಡ ಅಗ್ಗ ಎಂದಮಾತ್ರಕ್ಕೆ ಯಾರು ಬೇಕಾದರೂ ಮಾರಬಹುದು ಎಂದಲ್ಲ. ನಿಮ್ಮ ಮನೆಯಲ್ಲಿ ಅತಿಥಿಗಳು ತಾವೇ ತಂದು ಕುಡಿಯಬಹುದೇ, ಬೇಡವೇ ಎನ್ನುವುದನ್ನು ಬುಕಿಂಗ್ ಸಮಯದಲ್ಲೇ ಹೇಳಿ.

## ದಿನಾ ಮಾಡೋ ಕೆಲಸ

ಬೆಳಗ್ಗೆ ತಿಂಡಿಗೆ ಏನು ಕೊಡ್ತೀರಿ ಅಕ್ಕ? ದಿನಾ ದೋಸೆನಾ?

ಬೆಳಗ್ಗೆ ಬ್ರೆಡ್ ಮಾರುವ ಪೊದೇರನ ಸೈಕಲ್ ಹಾರ್ನ್ ಪೊಂ ಪೊಂ ಎಂದು ಕೇಳಿಸುತ್ತದೆ. ಹಿಂದೆ ಬಿದಿರಿನ ಬುಟ್ಟಿ, ಮೇಲೆ ನೀಲಿ ಪ್ಲಾಸ್ಟಿಕ್ಕು. ಗೋದಿ ತೌಡು ಮೆತ್ತಿದ ಪೊಯಿ, ಮೇಲೆ ಗರಿಗರಿಯಾದ ಉಂಡೊ ಇನ್ನೂ ಬೆಚ್ಚಗೇ ಇರುತ್ತವೆ. ಅದಕ್ಕೆ ಬಟಾಣಿಯ ಪಾತಳ ಭಾಜಿ ಮಾಡುತ್ತೇನೆ. ಪೊಯಿಯನ್ನು ಎರಡಾಗಿ ಬಿಡಿಸಿ ಭಾಜಿಯಲ್ಲಿ ಅದ್ದಿ ತಿನ್ನುವುದನ್ನು ಅತಿಥಿಗಳಿಗೆ ಒಂದು ಸಲ ತೋರಿಸಿದರೆ ಸಾಕು. ನಾಲ್ಕು ದಿನ ಇರುವವರಿಗೆ ಒಂದು ದಿನ ಅದು, ಒಂದು ದಿನ ನೀರುದೋಸೆ, ಒಂದು ದಿನ ಬಾಳೆಹಣ್ಣಿನ ಬನ್ಸ್, ಒಂದು ದಿನ ಉಪ್ಪಿಟ್ಟು ಅಥವಾ ಅವಲಕ್ಕಿ. ಹಣ್ಣು, ಚಹಾ, ಕಾಫಿ ದಿನಾ.

ಹುಬ್ಬಳ್ಳಿಯಿಂದ ಬಂದವರಿಗೆ ಪ್ರೀತಿಯಿಂದ ಜೋಳದ ರೊಟ್ಟಿ ಕೊಟ್ಟರೆ ಮುಖ ಸಣ್ಣಗಾಗುತ್ತದೆ. ಅವರು ರೊಟ್ಟಿ ತಿನ್ನಲು ಘಾಟು ಇಳಿದು ಬಂದಿರುವುದಿಲ್ಲ. ಜರ್ಮನಿಯಿಂದ ಬಂದವರಿಗೆ ಅದೇ ರೊಟ್ಟಿ ಕೊಡಿ, ಫೋಟೊ ತೆಗೆದುಕೊಳ್ಳುತ್ತಾರೆ.

ದೇವಸ್ಥಾನಕ್ಕೆ ಬಂದವರಲ್ಲಿ ಈರುಳ್ಳಿ ಬೆಳ್ಳುಳ್ಳಿ ತಿನ್ನದವರು ಇರುತ್ತಾರೆ. ಸೋಮವಾರ, ಶ್ರಾವಣದಲ್ಲಿ ಇನ್ನೂ ಜಾಸ್ತಿ. ಮೊಟ್ಟೆಗೆ ಬೇರೆ ಬಾಣಲೆ, ಬೇರೆ ಸೌಟು ಇಡಿ. ಹಿಂದಿನ ರಾತ್ರಿಯೇ ಎಷ್ಟು ಗಂಟೆಗೆ ತಿಂಡಿ ಬೇಕು, ಏನು ತಿನ್ನುವುದಿಲ್ಲ ಎಂದು ಕೇಳಿಬಿಡಿ. ಬೇಗ ಹೊರಡುವವರಿಗೆ ಡಬ್ಬಿಗೆ ಹಾಕಿ ಕೊಡಿ. ಆ ಡಬ್ಬಿಯ ಮಾತು ಆಮೇಲೆ ಎಷ್ಟೋ ರಿವ್ಯೂಗಳಲ್ಲಿ ಬರುತ್ತದೆ.

ಮಳೆಗಾಲದಲ್ಲಿ ಮುಚ್ಚಬೇಕಾ?

ಕೆಲವರು ಮುಚ್ಚುತ್ತಾರೆ. ನಾವು ಜೂನ್ ಮೊದಲ ವಾರಗಳಲ್ಲಿ ಮಾತ್ರ ಮುಚ್ಚುತ್ತೇವೆ. ಜುಲೈ, ಆಗಸ್ಟಿನಲ್ಲಿ ಬೆಳಗಾವಿ, ಹುಬ್ಬಳ್ಳಿ ಕಡೆಯಿಂದ ಚೋರ್ಲಾ, ಅನಮೋಡ ಘಾಟಿನ ಮಳೆ ನೋಡುತ್ತ ಇಳಿಯುವವರು ಇದ್ದಾರೆ. ರೇಟು ಇಳಿಸಬೇಕಾಗುತ್ತದೆ, ಅಷ್ಟೇ. ಜೂನ್ 24ರ ಸಾಂವ್ ಜುಂವ್ ಹಬ್ಬದಲ್ಲಿ ಜನ ಬಾವಿಗೆ ಹಾರುವುದನ್ನು ನೋಡಲೆಂದೇ ಬರುವವರೂ ಉಂಟು.

ಆದರೆ ತಯಾರಿ ಮೇನಲ್ಲೇ ಮುಗಿಯಬೇಕು. ಹೆಂಚು ಕೈಯಾಡಿಸುವವರು ಮೇ ಕೊನೆಗೆ ಕರೆದರೆ ಸಿಗುವುದಿಲ್ಲ. ಮಾಮೂಲಿಗೆ ಒಂದು ಹಾಸಿಗೆಗೆ ಮೂರು ಜೊತೆ ಚಾದರ ಸಾಕು: ಒಂದು ಹಾಸಿದ್ದು, ಒಂದು ಒಗೆಯಲು ಹೋದದ್ದು, ಒಂದು ಕಪಾಟಿನಲ್ಲಿ. ಮಳೆಗಾಲಕ್ಕೆ ನಾಲ್ಕನೆಯದು ಬೇಕು, ಯಾಕೆಂದರೆ ಒಗೆದದ್ದು ಮೂರು ದಿನವಾದರೂ ಒಣಗುವುದಿಲ್ಲ. ಅರೆ ಒಣಗಿದ ಚಾದರದ ವಾಸನೆಯನ್ನು ಯಾವ ಅಗರಬತ್ತಿಯೂ ಮುಚ್ಚುವುದಿಲ್ಲ. ಖಾಲಿ ರೂಮಿನ ಫ್ಯಾನನ್ನು ದಿನಾ ಎರಡು ಗಂಟೆ ತಿರುಗಿಸಿ. ಕಪಾಟಿನ ಬಾಗಿಲು ತೆರೆದಿಡಿ. ದಿಂಬನ್ನು ಬಿಸಿಲು ಬಂದ ದಿನ ಮರೆಯದೆ ಹೊರಗೆ ಹಾಕಿ. ಸಮುದ್ರಕ್ಕೆ ಇಳಿಯಬೇಡಿ ಎಂದು ಅತಿಥಿಗಳಿಗೆ ಹೇಳುವುದೂ ಈ ನಾಲ್ಕು ತಿಂಗಳಲ್ಲಿ ನಿಮ್ಮ ಕೆಲಸವೇ.

ಮದುವೆ ಆಗದ ಜೋಡಿಗೆ ರೂಮು ಕೊಡಬಹುದಾ? ಊರಿನವರು ಏನಂತಾರೋ.

ಇಬ್ಬರೂ ವಯಸ್ಕರಾಗಿದ್ದು ಗುರುತಿನ ಚೀಟಿ ಇದ್ದರೆ ಕೊಡಬಾರದು ಎನ್ನುವ ಕಾನೂನು ಇಲ್ಲ. ನಾವು ಕೊಡುತ್ತೇವೆ. ನಿಮ್ಮ ಮನೆಯಲ್ಲಿ ಅತ್ತೆ ಮಾವ ಒಪ್ಪುವುದಿಲ್ಲ ಎಂದರೆ ಅದನ್ನು ಲಿಸ್ಟಿಂಗಿನಲ್ಲೇ ಬರೆಯಿರಿ. ರಾತ್ರಿ ಹತ್ತಕ್ಕೆ ಬ್ಯಾಗು ಹೊತ್ತು ಬಂದವರನ್ನು ಬಾಗಿಲಲ್ಲಿ ನಿಲ್ಲಿಸಿ ಮದುವೆ ಸರ್ಟಿಫಿಕೇಟ್ ಕೇಳುವುದು ಮಾತ್ರ ಯಾರಿಗೂ ಮರ್ಯಾದೆ ಅಲ್ಲ.

ನಮ್ಮ ಕಾರಿನಲ್ಲೇ ಏರ್‌ಪೋರ್ಟಿನಿಂದ ಕರ್ಕೊಂಡು ಬರಬಹುದಾ? ಸ್ಕೂಟರ್ ಬಾಡಿಗೆಗೆ ಕೊಡಬಹುದಾ?

ದುಡ್ಡು ತೆಗೆದುಕೊಂಡರೆ ಎರಡೂ ಬೇಡ. ಬಿಳಿ ಪ್ಲೇಟಿನ ಗಾಡಿಯನ್ನು ಬಾಡಿಗೆಗೆ ಓಡಿಸುವುದು ಕಾನೂನಿಗೆ ವಿರುದ್ಧ, ಟ್ಯಾಕ್ಸಿಯವರ ಜೊತೆ ಜಗಳ ಬೇರೆ. ಬಾಡಿಗೆ ಸ್ಕೂಟರಿಗೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಂಕಿ ಇರಬೇಕು. ಊರಿನ ಇಬ್ಬರು ಟ್ಯಾಕ್ಸಿಯವರ ನಂಬರ್ ಇಟ್ಟುಕೊಳ್ಳಿ. ಅತಿಥಿಗಳು ಯಾವ ವಿಮಾನ ನಿಲ್ದಾಣದಲ್ಲಿ ಇಳಿಯುತ್ತಾರೆ ಎಂದು ಕೇಳುವುದನ್ನು ಮರೆಯಬೇಡಿ. 2023ರ ಜನವರಿಯಿಂದ ಮೋಪಾ ಕೂಡ ಇದೆ. ದಾಬೋಳಿ ಎಂದುಕೊಂಡು ಮೋಪಾದಲ್ಲಿ ಇಳಿದವರ ಟ್ಯಾಕ್ಸಿ ಬಿಲ್ಲು ನೋಡಿದರೆ ನಿಮ್ಮ ಮೇಲೆಯೇ ಸಿಟ್ಟು ಬರುತ್ತದೆ.

ನಾವು ಘಾಟಿನ ಮೇಲಿನವರು. ಅಕ್ಕಪಕ್ಕದವರು ಘಾಂಟಿ ಅಂತಾರೆ. ಒಪ್ತಾರಾ?

ಅನ್ನುವವರು ಅನ್ನುತ್ತಾರೆ. ಕೇಳಿಸಿಕೊಂಡರೆ ನೋವಾಗುವುದು ನಿಜ. ಅವರ ಕಡೆಯಿಂದಲೂ ನೋಡಿ: ಹೊರಗಿನವರು ಬಂದು ಮನೆ ಕೊಂಡು ರಾತ್ರಿಯಿಡೀ ಹಾಡು ಹಾಕಿದ್ದನ್ನು ಅವರು ಸಾಕಷ್ಟು ನೋಡಿದ್ದಾರೆ. ಕೊಂಕಣಿ ಕಲಿಯಿರಿ. ಕಾರವಾರ ಕಡೆಯವರಿಗೆ ಕಷ್ಟವಿಲ್ಲ, ಬಯಲುಸೀಮೆಯವರಿಗೆ ಸ್ವಲ್ಪ ಸಮಯ ಬೇಕು. ಅಂಗಡಿಯಲ್ಲಿ ‘ದೇವ್ ಬರೇಂ ಕರೂಂ’ (ದೇವರು ಒಳ್ಳೆಯದು ಮಾಡಲಿ, ಅಂದರೆ ಥ್ಯಾಂಕ್ಸ್) ಎಂದು ಹೇಳಲು ಶುರು ಮಾಡಿ. ತರಕಾರಿ, ಮೊಟ್ಟೆ, ಕೋಕಂ, ತೆಂಗಿನಕಾಯಿ ವಾಡೆಯಲ್ಲೇ, ಅಂದರೆ ನಿಮ್ಮ ಕೇರಿಯಲ್ಲೇ ಕೊಳ್ಳಿ. ಚವತಿಗೆ ಕರೆದರೆ ಹೋಗಿ, ಕ್ರಿಸ್‌ಮಸ್‌ಗೆ ಕುಸ್ವಾರ್ ಎನ್ನುವ ಹಬ್ಬದ ತಿಂಡಿಯ ತಟ್ಟೆ ಬಂದರೆ ಆ ತಟ್ಟೆಯನ್ನು ಖಾಲಿ ವಾಪಸ್ ಕಳಿಸಬೇಡಿ.

ಎಲ್ಲಕ್ಕಿಂತ ಮುಖ್ಯ ಕಸ ಮತ್ತು ಸದ್ದು. ಹಸಿ ಕಸ, ಒಣ ಕಸ ಬೇರೆ ಮಾಡಿ, ಪಂಚಾಯಿತಿ ಗಾಡಿ ಬರುವ ದಿನವೇ ಹೊರಗಿಡಿ. ರಾತ್ರಿ ಹತ್ತರ ಮೇಲೆ ಅಂಗಳದಲ್ಲಿ ಸ್ಪೀಕರ್ ಇಲ್ಲ. ಇದನ್ನು ಅತಿಥಿಗಳಿಗೆ ಹೇಳಲು ಸಂಕೋಚ ಬೇಡ.

## ಈಗಾಗಲೇ ನಡೆಸುತ್ತಿರುವವರಿಗೆ

ಡಿಸೆಂಬರಿನಲ್ಲಿ ಎಷ್ಟಾದರೂ ಹೇಳಬಹುದಲ್ವಾ?

ಹೇಳಬಹುದು, ಸಿಗುತ್ತದೆ ಕೂಡ. ಡಿಸೆಂಬರ್ 24ರಿಂದ ಜನವರಿ 2ರವರೆಗೆ ಎರಡು, ಮೂರು ಪಟ್ಟು ಕೇಳುವವರು ಇದ್ದಾರೆ. ಆದರೆ ಮೂರು ಪಟ್ಟು ಕೊಟ್ಟವರು ಮೂರು ಪಟ್ಟಿನ ಹೋಟೆಲ್ ಸೌಕರ್ಯ ಕೇಳುತ್ತಾರೆ. ನಿಮ್ಮದು ಅದೇ ಮೂರು ರೂಮು, ಅದೇ ಗೀಸರು. ನಾನು ಆ ವಾರದಲ್ಲಿ ರೇಟಿಗಿಂತ ಕನಿಷ್ಠ ಮೂರು ರಾತ್ರಿ ಎನ್ನುವ ನಿಯಮಕ್ಕೆ ಜಾಸ್ತಿ ಬೆಲೆ ಕೊಡುತ್ತೇನೆ. ದಿನಾ ಹೊಸ ಅತಿಥಿ ಬಂದರೆ ಚಾದರ ಬದಲಿಸುವುದರಲ್ಲೇ ಹಬ್ಬ ಮುಗಿದುಹೋಗುತ್ತದೆ. ಪ್ರತಿ ವರ್ಷ ಬರುವ ಕುಟುಂಬಗಳಿಗೆ ಹಳೇ ರೇಟೇ. ಜೂನ್, ಜುಲೈನಲ್ಲಿ ನಮ್ಮನ್ನು ಉಳಿಸುವವರು ಅವರು.

ಆ್ಯಪಿನವರ ಕಮಿಷನ್ ಉಳಿಸೋದು ಹೇಗೆ?

ಆ್ಯಪಿನಲ್ಲಿ ಬುಕ್ ಮಾಡಿದವರಿಗೆ ಕ್ಯಾನ್ಸಲ್ ಮಾಡಿ ನನಗೇ ಕೊಡಿ ಎನ್ನಬೇಡಿ. ಕರಾರಿಗೆ ವಿರುದ್ಧ, ಲಿಸ್ಟಿಂಗ್ ಹೋಗುತ್ತದೆ. ಮೊದಲ ಸಲ ಬಂದವರು ಆ್ಯಪಿನವರ ಗಿರಾಕಿ, ಎರಡನೇ ಸಲ ಬಂದರೆ ನಿಮ್ಮವರು. ಹೊರಡುವಾಗ ಹೆಸರು, ನಂಬರ್ ಇರುವ ಚೀಟಿ ಕೊಡಿ. ದೇವಸ್ಥಾನದ ಭಟ್ಟರು, ತೋಟದ ಗೈಡುಗಳು, ಊರಿನ ಸಂಘದವರು ಕಳಿಸುವ ಜನಕ್ಕೆ ಕಮಿಷನ್ನೇ ಇಲ್ಲ. ನೇರ ಬುಕಿಂಗಿಗೆ ಅರ್ಧ ಮುಂಗಡ ತೆಗೆದುಕೊಳ್ಳಿ. ಎಷ್ಟು ದಿನ ಮುಂಚೆ ರದ್ದು ಮಾಡಿದರೆ ಎಷ್ಟು ವಾಪಸ್ ಎಂದು ಬರೆದು ಕಳಿಸಿ, ನೆಂಟರಿಗೂ ಕೂಡ.

ಬೆಳಗ್ಗೆ ಗುಡಿ ಗಂಟೆ, ನಾಯಿ ಕೂಗು ಅಂತ ಎರಡು ಸ್ಟಾರ್ ಕೊಟ್ಟರು. ಏನು ಮಾಡಲಿ?

ಲಿಸ್ಟಿಂಗಿನಲ್ಲಿ ಅದನ್ನು ಬರೆದಿದ್ದಿರಾ? ಗಂಟೆ, ಪೊದೇರನ ಹಾರ್ನು, ನವಿಲು, ಬೀಚು ಒಂದು ಗಂಟೆ ದೂರ, ಎಸಿ ಎರಡೇ ರೂಮಿಗೆ, ಎಲ್ಲ ಮೊದಲೇ ಬರೆಯಿರಿ. ಬುಕಿಂಗ್ ಒಂದಷ್ಟು ಕಡಿಮೆಯಾಗಬಹುದು. ಬರುವವರು ಗೊತ್ತಿದ್ದೇ ಬರುತ್ತಾರೆ. ಈಗಾಗಲೇ ಬಿದ್ದ ರಿವ್ಯೂಗೆ ಎರಡೇ ಸಾಲು ಉತ್ತರ ಕೊಡಿ. ಅದು ಆ ಅತಿಥಿಗಲ್ಲ, ಮುಂದೆ ಓದುವವರಿಗೆ. ಅಲ್ಲಿ ಜಗಳ ಮಾಡಿದರೆ ಓದುವವರು ಅತಿಥಿಯ ಪಕ್ಷ ಹಿಡಿಯುತ್ತಾರೆ.

ರಾತ್ರಿ ಯಾರಿಗಾದರೂ ಹುಷಾರು ತಪ್ಪಿದರೆ?

108ಕ್ಕೆ ಫೋನ್ ಮಾಡಿ. ಹತ್ತಿರದ ಸರ್ಕಾರಿ ಆಸ್ಪತ್ರೆ, ಔಷಧಿ ಅಂಗಡಿಯ ನಂಬರನ್ನು ಪ್ರತಿ ರೂಮಿನಲ್ಲಿ ಅಂಟಿಸಿಡಿ, ನಿಮ್ಮ ಮನೆಯ ದಾರಿ ಹೇಳುವ ಎರಡು ಸಾಲು ಕೊಂಕಣಿಯಲ್ಲಿ ಸೇರಿಸಿ. ಗಾಬರಿಯಲ್ಲಿ ಅತಿಥಿಗೆ ವಾಡೆಯ ಹೆಸರು ನೆನಪಾಗುವುದಿಲ್ಲ. ಅಗ್ನಿಶಾಮಕ ಸಿಲಿಂಡರ್ ಅಡುಗೆಮನೆ ಹತ್ತಿರ ಇರಲಿ. ಸಿಸಿಟಿವಿ ಗೇಟಿಗೆ ಮಾತ್ರ, ಅದನ್ನೂ ಅತಿಥಿಗಳಿಗೆ ತಿಳಿಸಿ.

ಚೆನ್ನಾಗಿ ನಡೀತಾ ಇದೆ. ಪಕ್ಕದೂರಿನಲ್ಲಿ ಇನ್ನೊಂದು ಮನೆ ತಗೊಂಡು ಶುರು ಮಾಡಲಾ?

ಅಲ್ಲಿ ಯಾರು ಮಲಗುತ್ತಾರೆ? ಮಗಳು ಅಳಿಯ ಹೋಗಿ ಇರುತ್ತಾರೆ ಎಂದರೆ ಮಾಡಿ, ಅವರ ಹೆಸರಿನಲ್ಲೇ ಬೇರೆ ನೋಂದಣಿ ಮಾಡಿಸಿ. ಯಾರೂ ಇರುವುದಿಲ್ಲ, ಮ್ಯಾನೇಜರ್ ಇಡುತ್ತೇನೆ ಎಂದರೆ ಅದು ಬಿ ಅಂಡ್ ಬಿ ಅಲ್ಲ, ಗೆಸ್ಟ್‌ಹೌಸ್. ನೋಂದಣಿಯೂ ಗೆಸ್ಟ್‌ಹೌಸಿನದು, ಸಂಬಳದ ಲೆಕ್ಕವೂ ಅದರದೇ. ನಿಮ್ಮ ಹೆಸರಿಗೆ ಬಂದ ಅತಿಥಿ ನಿಮ್ಮನ್ನು ಅಲ್ಲಿ ಕಾಣುವುದಿಲ್ಲ. ಇನ್ನೂ ದುಡಿಯುವ ಹುಮ್ಮಸ್ಸಿದ್ದರೆ ಇರುವ ಮನೆಯಲ್ಲೇ ಸಂಜೆ ಊಟ ಶುರು ಮಾಡಿ, ಹಿಂದಿನ ದಿನ ಹೇಳಿದವರಿಗೆ ಮಾತ್ರ. ಒಂದು ಮೀನಿನ ಹುಮಣ, ಒಂದು ತರಕಾರಿ, ಅನ್ನ, ಕೋಕಂನ ಸೋಲಕಡಿ. ಮೂರು ರೂಮಿನ ಮನೆಗೆ ಅದರಿಂದ ಬರುವ ದುಡ್ಡು ಇನ್ನೊಂದು ಮನೆಯ ತಲೆನೋವಿಗಿಂತ ವಾಸಿ.